ತುರ್ತು ಬ್ರೇಕನ್ನು ತೆಗೆದುಹಾಕಿ ಎನ್ನುವವರಿಗೆ

ವಾಹನ ದುರಸ್ತಿಗೆ ಬರುವವರಿಂದ ನಾನು ಮೇಲಿಂದ ಮೇಲೆ ಕೇಳುವ ಕೋರಿಕೆ ಒಂದೇ: 'ಈ ಗಾಡಿ ತಾನಾಗಿಯೇ ಬ್ರೇಕ್ ಹಾಕಿಬಿಡುತ್ತದೆ, ಅದನ್ನು ಪೂರ್ತಿ ತೆಗೆದುಹಾಕಿ.' ಎದುರಿಗೆ ಡಿಕ್ಕಿಯಾಗುವಂತೆ ಕಂಡರೆ ಚಾಲಕನನ್ನು ಎಚ್ಚರಿಸಿ, ತಾನೇ ಬ್ರೇಕ್ ಹಾಕುವ ತುರ್ತು ಬ್ರೇಕ್ ವ್ಯವಸ್ಥೆಯ ಮಾತದು. ಹೀಗೆ ಕೇಳುವವರು ಹೊಣೆಗೇಡಿಗಳಲ್ಲ. ಹೆಚ್ಚಿನವರು ಜಾಗರೂಕ ಚಾಲಕರೇ, ಹಿಂದಿನ ವಾಹನ ಬಂದು ಗುದ್ದೀತೆಂಬ ಅವರ ಭಯವೂ ನ್ಯಾಯವಾದದ್ದೇ. ಆದರೆ ಆ ಒಂದು ಕ್ಷಣಕ್ಕೆ ವ್ಯವಸ್ಥೆಯ ನಿರ್ಧಾರವನ್ನು ಮೀರುವುದಕ್ಕೂ ವ್ಯವಸ್ಥೆಯನ್ನೇ ನಿಲ್ಲಿಸಿಬಿಡುವುದಕ್ಕೂ ಇರುವ ವ್ಯತ್ಯಾಸವನ್ನು ಎಷ್ಟು ಸಲ ಹೇಳಿದರೂ ಅವರು ಮನಸ್ಸಿಗೆ ತೆಗೆದುಕೊಳ್ಳುವುದಿಲ್ಲ.

ಮೀರುವ ದಾರಿ ಗಾಡಿಯಲ್ಲಿ ಮೊದಲೇ ಇದೆ. ಕಾರುಗಳ ತುರ್ತು ಬ್ರೇಕಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 152ನೇ ನಿಯಮದ ಪ್ರಕಾರ, ಎಚ್ಚರಿಕೆಯನ್ನೂ ಬ್ರೇಕನ್ನೂ ಚಾಲಕ ನಡುವೆಯೇ ತಡೆಯುವುದಕ್ಕೆ ಅವಕಾಶವಿರಲೇಬೇಕು. ಆಕ್ಸಿಲರೇಟರನ್ನು ತಳದವರೆಗೆ ಒತ್ತುವುದು, ಇಂಡಿಕೇಟರ್ ಹಾಕುವುದು ಇದಕ್ಕೆ ನಿಯಮವೇ ಕೊಡುವ ಉದಾಹರಣೆಗಳು. ಅನೇಕ ಗಾಡಿಗಳಲ್ಲಿ ಸ್ಟೀರಿಂಗನ್ನು ದೃಢವಾಗಿ ತಿರುಗಿಸಿದರೂ ಬ್ರೇಕ್ ಬಿಡುತ್ತದೆ. ಯಾವ ಮಾದರಿಯಲ್ಲಿ ಯಾವುದು ಎಂಬುದನ್ನು ಗಾಡಿಯ ಜೊತೆ ಬಂದ ಕೈಪಿಡಿಯಲ್ಲೇ ನೋಡಬೇಕು, ನನ್ನ ಮಾತನ್ನು ಎಲ್ಲ ಮಾದರಿಗಳಿಗೂ ಅನ್ವಯಿಸಬಾರದು. ಹೀಗೆ ಮೀರಿದ ಪರಿಣಾಮ ಆ ಘಟನೆಗಷ್ಟೇ ಸೀಮಿತ. ಮುಂದಿನ ತಿರುವಿನಲ್ಲಿ ಮಗುವೊಂದು ರಸ್ತೆಗೆ ಓಡಿಬಂದರೆ ವ್ಯವಸ್ಥೆ ಮತ್ತೆ ಸಿದ್ಧವಾಗಿರುತ್ತದೆ. ಗಾಡಿಯ ಪರದೆಯ ಮೆನುವಿಗೆ ಹೋಗಿ ವ್ಯವಸ್ಥೆಯನ್ನೇ ನಿಲ್ಲಿಸಿದರೆ ಆ ಪ್ರಯಾಣದ ಉದ್ದಕ್ಕೂ ಅದು ಇಲ್ಲ. ಈ ಕಾರಣಕ್ಕಾಗಿಯೇ ನಿಯಮವು ನಿಲ್ಲಿಸುವ ಕೆಲಸಕ್ಕೆ ಕನಿಷ್ಠ ಎರಡು ಉದ್ದೇಶಪೂರ್ವಕ ಕ್ರಿಯೆಗಳು ಬೇಕೆಂದು ಹೇಳುತ್ತದೆ, ಗಂಟೆಗೆ 10 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ಅದನ್ನು ನಿಲ್ಲಿಸಲು ಬಿಡುವುದಿಲ್ಲ, ಎಂಜಿನ್ ಮತ್ತೆ ಶುರುವಾದಾಗಲೆಲ್ಲ ಅದು ತಾನಾಗಿಯೇ ಜಾರಿಗೆ ಬರಬೇಕೆನ್ನುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಈ ಬ್ರೇಕ್ ಕಡ್ಡಾಯ.

ಇದರ ಇನ್ನೊಂದು ಮಗ್ಗುಲನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಚಾಲಕನ ಮಾತೇ ಅಂತಿಮವಾಗಿರುವುದರಿಂದ, ಬ್ರೇಕ್ ಬಿದ್ದೊಡನೆ ಗಾಬರಿಗೊಂಡು ಆಕ್ಸಿಲರೇಟರನ್ನು ಒತ್ತಿದರೆ ಗಾಡಿ ಅದನ್ನೂ ಆಜ್ಞೆಯೆಂದೇ ತಿಳಿದು ಬ್ರೇಕನ್ನು ಬಿಟ್ಟುಬಿಡಬಹುದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ, ಅಷ್ಟರಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಸಮಯವಿರುವುದಿಲ್ಲ. ಎಚ್ಚರಿಕೆ ಕೇಳಿದಾಗ ಕಾಲು ಬ್ರೇಕಿನ ಮೇಲೆ ಹೋಗಬೇಕು, ದಾರಿ ನಿಜವಾಗಿಯೂ ಖಾಲಿಯಿದೆಯೆಂದು ಕಣ್ಣಾರೆ ಕಂಡ ಮೇಲಷ್ಟೇ ಆಕ್ಸಿಲರೇಟರಿಗೆ.

ಹಾಗಾದರೆ ಸುಮ್ಮಸುಮ್ಮನೆ ಬೀಳುವ ಬ್ರೇಕಿನ ಗತಿಯೇನು? ಅದು ಆಗುತ್ತದೆ, ಆಗುವುದಿಲ್ಲವೆಂದು ನಾನು ವಾದಿಸುವುದಿಲ್ಲ. ತಿರುವಿನ ಅಂಚಿನಲ್ಲಿ ನಿಂತ ವಾಹನ, ರಸ್ತೆಗೆ ಹಾಸಿದ ಲೋಹದ ತಗಡು, ಎದುರು ಬಿಸಿಲು ಇವೆಲ್ಲ ಸೆನ್ಸರುಗಳನ್ನು ದಾರಿ ತಪ್ಪಿಸಬಲ್ಲವು. ಆದರೆ ಒಂದೇ ಗಾಡಿಯಲ್ಲಿ ಹಾಗೆ ಪದೇ ಪದೇ ಆಗುತ್ತಿದ್ದರೆ ಅದನ್ನು ರೋಗಲಕ್ಷಣವೆಂದು ತಿಳಿದು ಕಾರಣ ಹುಡುಕಬೇಕು. ಹಿರಿಯರೊಬ್ಬರು ಇದೇ ದೂರನ್ನು ಹಿಡಿದುಕೊಂಡು ಬಂದರು. ತಿರುವುಗಳಲ್ಲಿ ಪಕ್ಕದ ಸಾಲಿನ ಲಾರಿಗಳನ್ನು ಕಂಡರೆ ಗಾಡಿ ಬೆಚ್ಚುತ್ತಿತ್ತು. ಬಂಪರ್ ಬಿಚ್ಚಿ ನೋಡಿದಾಗ, ಮುಂದಿರುವ ವಾಹನಗಳನ್ನು ಗುರುತಿಸುವ ಸೆನ್ಸರಾದ ರೇಡಾರನ್ನು ಹಿಡಿದಿಡುವ ಬ್ರಾಕೆಟ್ಟಿನ ಒಂದು ಕಿವಿ ಬಾಗಿ, ಸ್ಕ್ರೂ ಕೂರುವ ತೂತು ಒಂದು ಕಡೆಗೆ ಎಳೆದುಕೊಂಡಿತ್ತು. ಪಾರ್ಕಿಂಗಿನಲ್ಲಿ ಮೆಲ್ಲಗೆ ಗೋಡೆಗೆ ತಾಗಿತ್ತು, ಹೊರಗೆ ಗೀರು ಕೂಡ ಕಾಣುವುದಿಲ್ಲವಲ್ಲ ಎಂದು ಅವರು ಬೇಸರಪಟ್ಟರು. ರೇಡಾರ್ ಒಂದೇ ಒಂದು ಡಿಗ್ರಿ ವಾಲಿದರೂ 100 ಮೀಟರ್ ದೂರದಲ್ಲಿ ಅದರ ನೋಟ ಸುಮಾರು 1.75 ಮೀಟರ್ ಪಕ್ಕಕ್ಕೆ ಸರಿಯುತ್ತದೆ; ಮೂರೂವರೆ ಮೀಟರ್ ಅಗಲದ ಸಾಲಿನಲ್ಲಿ ಅದು ಅರ್ಧ ಸಾಲು. ಬ್ರಾಕೆಟ್ ಬದಲಿಸಿ ಕ್ಯಾಲಿಬ್ರೇಷನ್, ಅಂದರೆ ರೇಡಾರಿನ ನೋಟವನ್ನು ಮತ್ತೆ ನೇರಕ್ಕೆ ಹೊಂದಿಸುವ ಕೆಲಸ, ಮಾಡಿದ ಮೇಲೆ ಅವರು ಆ ಕೋರಿಕೆಯನ್ನು ಮತ್ತೆ ಎತ್ತಲಿಲ್ಲ. ಮುಂದಿನ ಗಾಜನ್ನು ಬದಲಿಸಿ ಅದರ ಹಿಂದಿರುವ ಕ್ಯಾಮೆರಾಕ್ಕೆ ಕ್ಯಾಲಿಬ್ರೇಷನ್ ಮಾಡಿಸದಿರುವುದು, ರೇಡಾರಿನ ಮುಂದಿನ ಬಂಪರಿಗೆ ದಪ್ಪ ಪುಟ್ಟಿ ಮೆತ್ತಿ ಬಣ್ಣ ಬಳಿಯುವುದು, ಅದರ ಎದುರಿಗೇ ಲೋಹದ ಗಾರ್ಡ್ ಕಟ್ಟಿಸುವುದು ಕೂಡ ಇಂಥದೇ ತೊಂದರೆ ತರುತ್ತವೆ.

ಫ್ಯೂಸ್ ಕಿತ್ತುಬಿಡಿ, ರೇಡಾರಿನ ಕನೆಕ್ಟರ್ ಬಿಚ್ಚಿಬಿಡಿ ಎನ್ನುವವರೂ ಇದ್ದಾರೆ. ನಾನು ಮಾಡಿಕೊಡುವುದಿಲ್ಲ. ಆ ರೇಡಾರನ್ನು, ವೇಗವನ್ನು ತಾನಾಗಿ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಕೂಡ ಬಳಸುತ್ತಿರಬಹುದು, ಆ ಫ್ಯೂಸಿನಿಂದ ಇನ್ನಾವುದಕ್ಕೆ ವಿದ್ಯುತ್ ಹೋಗುತ್ತಿದೆಯೋ ಮಾದರಿಯಿಂದ ಮಾದರಿಗೆ ಬೇರೆ. ಅದಕ್ಕಿಂತ ಹೆಚ್ಚಾಗಿ, ನಾಳೆ ಆ ಗಾಡಿಯನ್ನು ಮನೆಯ ಇನ್ನೊಬ್ಬರು ಓಡಿಸುತ್ತಾರೆ, ತಮ್ಮ ಬೆನ್ನಿಗೆ ಆ ಬ್ರೇಕ್ ಇದೆಯೆಂದು ನಂಬಿ. ಮುಂಭಾಗದ ಡಿಕ್ಕಿಯ ಎಚ್ಚರಿಕೆಯೂ ತಾನಾಗಿ ಬೀಳುವ ಬ್ರೇಕೂ ಸೇರಿ ಮುಂದಿನ ವಾಹನದ ಹಿಂಭಾಗಕ್ಕೆ ಗುದ್ದುವ ಅಪಘಾತಗಳನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆಂದು, ರಸ್ತೆ ಸುರಕ್ಷತೆಯ ಸಂಶೋಧನೆ ಮಾಡುವ ಅಮೆರಿಕದ ಐಐಎಚ್‌ಎಸ್ ಸಂಸ್ಥೆ ಕಂಡುಕೊಂಡಿದೆ. ಅಷ್ಟನ್ನು ಅವರಿಗೆ ತಿಳಿಸದೆ ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ.

ನಿಲ್ಲಿಸಲೇಬೇಕಾದ ಸಂದರ್ಭಗಳು ಕೆಲವು ಇವೆ: ಗಾಡಿಯನ್ನು ರೋಲರುಗಳ ಮೇಲೆ ಓಡಿಸಿ ಪರೀಕ್ಷಿಸುವಾಗ, ಎಳೆದೊಯ್ಯುವಾಗ, ಯಂತ್ರದ ತೊಳೆಯುವ ಸುರಂಗದೊಳಗೆ ಬಿಡುವಾಗ ನಿಲ್ಲಿಸುವಂತೆ ಅನೇಕ ಕೈಪಿಡಿಗಳೇ ಸೂಚಿಸುತ್ತವೆ. ಕೆಲಸ ಮುಗಿದೊಡನೆ ವ್ಯವಸ್ಥೆಯನ್ನು ಮತ್ತೆ ಚಾಲೂ ಮಾಡಿ, ಅದು ನಿಂತಿದೆಯೆಂದು ಮೀಟರಿನಲ್ಲಿ ತೋರಿಸುವ ದೀಪ ಆರಿದೆಯೇ ಎಂದು ನೋಡಿಕೊಂಡು ಹೊರಡಿ. ಮಿಕ್ಕಂತೆ ಬ್ರೇಕ್ ಅಕಾರಣವಾಗಿ ಬಿದ್ದರೆ ಆಗಿನ ವೇಗ, ಎದುರಿಗಿದ್ದ ವಸ್ತು, ಬಿಸಿಲಿನ ದಿಕ್ಕು, ಇತ್ತೀಚೆಗೆ ಗಾಜು ಅಥವಾ ಬಂಪರಿನ ಕೆಲಸ ಆಗಿದೆಯೇ ಎಂಬುದನ್ನು ಬರೆದಿಟ್ಟುಕೊಂಡು ಬನ್ನಿ. ಹುಡುಕಾಟ ಅಲ್ಲಿಂದಲೇ ಶುರುವಾಗುತ್ತದೆ.