ನೆರಳನ್ನೂ ಲೆಕ್ಕಕ್ಕೆ ಹಿಡಿಯುವ ನಕ್ಷೆ

ಹವಾಮಾನ ವರದಿಯ 32 ಡಿಗ್ರಿ ಅಂದರೆ ಗಾಳಿಯ ಬಿಸಿ ಅಷ್ಟೇ. ಅದನ್ನು ಅಳೆಯುವ ಥರ್ಮಾಮೀಟರ್ ಬಿಸಿಲು ತಾಗದ, ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿರುತ್ತದೆ. ನಾವು ಓಡಾಡುವುದು ಪೆಟ್ಟಿಗೆಯ ಹೊರಗೆ ಅಲ್ವಾ? ನೆತ್ತಿ ಸುಡುವ ಬಿಸಿಲು, ಕಾಲ ಕೆಳಗೆ ಕಾದ ಡಾಂಬರು, ಪಕ್ಕದ ಗೋಡೆಯ ಝಳ, ಎಲ್ಲವೂ ಮೈಗೆ ಬಡಿಯುತ್ತಿರುತ್ತವೆ. ಹಾಗಾಗಿ ಒಂದು ಪ್ರದೇಶದಲ್ಲಿ ಎಲ್ಲಿ, ಯಾವ ಕಾಲದಲ್ಲಿ ಹೊರಗಿರುವುದು ಹಿತ ಅಂತ ತಿಳಿಯಲು ಬರೀ ಉಷ್ಣಾಂಶದ ನಕ್ಷೆ ಸಾಲದು.

ತೇವಾಂಶ ಜಾಸ್ತಿಯಾದರೆ ಬೆವರು ಆರುವುದಿಲ್ಲ, ಗಾಳಿ ಬೀಸಿದರೆ ಆರುತ್ತದೆ. ಇದು ಎಲ್ಲರಿಗೂ ಗೊತ್ತು. ಲೆಕ್ಕದಲ್ಲಿ ಬಿಟ್ಟುಹೋಗುವುದು ವಿಕಿರಣ, ಅಂದರೆ ಸೂರ್ಯನಿಂದ, ನೆಲದಿಂದ, ಗೋಡೆಗಳಿಂದ ಮೈಗೆ ನೇರವಾಗಿ ಬರುವ ಶಾಖ. ಇದನ್ನು ಅಳೆಯಲು ಕಪ್ಪು ಬಳಿದ ಟೊಳ್ಳು ಗುಂಡೊಂದನ್ನು ಬಯಲಲ್ಲಿಟ್ಟು, ಅದರ ನಡುವಿನ ಬಿಸಿ ನೋಡುತ್ತಾರೆ. ಗಾಳಿ 32 ಡಿಗ್ರಿ ಇರುವ ಮಧ್ಯಾಹ್ನ, ಬಿಸಿಲಲ್ಲಿ ನಿಂತವರಿಗೆ ಈ ವಿಕಿರಣದ ಸರಾಸರಿ ಉಷ್ಣಾಂಶ 60 ಡಿಗ್ರಿ ಮುಟ್ಟಬಹುದು. ಪಕ್ಕಕ್ಕೆ ಸರಿದು ದಟ್ಟ ಮರದ ಕೆಳಗೆ ನಿಂತರೆ ಅದು 20 ಡಿಗ್ರಿಗೂ ಹೆಚ್ಚು ಇಳಿಯಬಹುದು. ಗಾಳಿಯ ಉಷ್ಣಾಂಶ ಮಾತ್ರ ಎರಡೂ ಕಡೆ ಹೆಚ್ಚುಕಮ್ಮಿ ಅಷ್ಟೇ!

ಇವೆಲ್ಲವನ್ನೂ ಸೇರಿಸಿ ಒಂದೇ ಅಂಕಿಗೆ ಇಳಿಸುವ ಸೂಚ್ಯಂಕಗಳಿವೆ. ಯುಟಿಸಿಐ ಅಂಥದ್ದೊಂದು. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ನಡೆಯುವ ಒಬ್ಬ ವ್ಯಕ್ತಿಯ ದೇಹ ಹೇಗೆ ಸ್ಪಂದಿಸುತ್ತದೆ ಎಂಬ ಲೆಕ್ಕ ಇದರ ಬುನಾದಿ. ಈ ಸೂಚ್ಯಂಕ (ಗಾಳಿಯ ಉಷ್ಣಾಂಶವಲ್ಲ) 9ರಿಂದ 26 ಡಿಗ್ರಿವರೆಗೆ ಇದ್ದರೆ ದೇಹಕ್ಕೆ ಒತ್ತಡವಿಲ್ಲ, 32 ದಾಟಿದರೆ ಒತ್ತಡ ತೀವ್ರ, 46 ಮೀರಿದರೆ ವಿಪರೀತ.

ಈಗ ನಕ್ಷೆಗೆ ಬರೋಣ. ನನಗೆ ವರ್ಷದ ಸರಾಸರಿಯ ನಕ್ಷೆ ಕಂಡರೆ ಸಿಟ್ಟೇ ಬರುತ್ತದೆ. ಚಳಿಗಾಲದಲ್ಲಿ 5, ಬೇಸಿಗೆಯಲ್ಲಿ 35 ಇರುವ ಊರಿಗೆ ಅದು 20 ಅಂತ ಬರೆದು ಹಸಿರು ಬಣ್ಣ ಬಳಿದುಬಿಡುತ್ತದೆ, ಆದರೆ ಅಲ್ಲಿನವರು ಎರಡೂ ಕಾಲದಲ್ಲಿ ಒದ್ದಾಡುತ್ತಿರುತ್ತಾರೆ. ಅದರ ಬದಲು ತಿಂಗಳಿಗೊಂದು ನಕ್ಷೆ ಮಾಡಿ, ಹಗಲಿನ ಎಷ್ಟು ಗಂಟೆ ಹಿತವಾಗಿರುತ್ತದೆ ಅಂತ ಎಣಿಸಿದರೆ ಊರಿನ ನಿಜವಾದ ಗುಣ ಕಾಣುತ್ತದೆ. ಬೇಸಿಗೆಯಲ್ಲಿ ಬೇಕೆನಿಸುವ ಗಾಳಿಯೇ ಚಳಿಗಾಲದಲ್ಲಿ ಕೊರೆಯುತ್ತದೆ, ನೆರಳೂ ಅಷ್ಟೆ. ಚಳಿಗೆ ಎಲೆ ಉದುರಿಸುವ ಮರಗಳು ಬೀದಿಗೆ ಒಳ್ಳೆಯದು ಅನ್ನುವುದು ಇದಕ್ಕೇ.

ಅಳತೆಯ ತೊಡಕೂ ಇದೆ. ಇಡೀ ಜಗತ್ತಿನ ಯುಟಿಸಿಐ ದತ್ತಾಂಶ ಗಂಟೆಗಂಟೆಗೂ ಸಿಗುತ್ತದೆ, ಆದರೆ ಅದರ ಒಂದು ಚೌಕ ಅಕ್ಷಾಂಶ-ರೇಖಾಂಶದ ಲೆಕ್ಕದಲ್ಲಿ ಕಾಲು ಡಿಗ್ರಿ, ಅಂದರೆ ಸಮಭಾಜಕದ ಬಳಿ ಸುಮಾರು 28 ಕಿಲೋಮೀಟರ್ ಅಗಲ. ಕಾಲಗಳ ಏರಿಳಿತ ನೋಡಲು ಸಾಕು. ಬೀದಿಯ ಯಾವ ಬದಿಯಲ್ಲಿ ನೆರಳು ಅನ್ನೋದು ಅದರಲ್ಲಿ ಸಿಗಲ್ಲ. ಅದಕ್ಕೆ ಕಟ್ಟಡಗಳ ಎತ್ತರ, ಮರಗಳ ಹರವು ತಿಳಿದು ಗಂಟೆಗಂಟೆಯ ನೆರಳು ಲೆಕ್ಕ ಹಾಕುವ ಸಾಲ್‌ವೀಗ್‌ನಂಥ ಕಂಪ್ಯೂಟರ್ ಮಾದರಿಗಳು ಬೇಕು.

ಇನ್ನು ರೂಢಿ. ಪಿಇಟಿ ಎಂಬ ಇನ್ನೊಂದು ಸೂಚ್ಯಂಕದಲ್ಲಿ ಮಧ್ಯ ಯುರೋಪಿನವರಿಗೆ ಹಿತವೆನಿಸುವುದು 18ರಿಂದ 23 ಡಿಗ್ರಿ. ತೈವಾನಿನಲ್ಲಿ ಜನರನ್ನೇ ಕೇಳಿ ನೋಡಿದಾಗ ಅದು 26ರಿಂದ 30 ಅಂತ ಬಂತು. ಹಾಗಾಗಿ 28 ಡಿಗ್ರಿಯ ಜಾಗಕ್ಕೆ ಒಂದು ಕಡೆಯ ನಕ್ಷೆಯಲ್ಲಿ ಸೆಕೆಯ ಬಣ್ಣ, ಇನ್ನೊಂದರಲ್ಲಿ ಹಿತದ ಬಣ್ಣ, ಮತ್ತೆ ಎರಡೂ ಸರಿ.