ಆ ಹುಡುಗನ ಕೊರಳಿನ ದಾರ

ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಜೋಸೆಫ್ ಕಾನ್ರಾಡನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಕಾದಂಬರಿಯ ಪಾಠ ಮಾಡುವಾಗ ಪ್ರತಿ ವರ್ಷವೂ ಒಂದು ಪುಟದಲ್ಲಿ ನಿಂತುಬಿಡುತ್ತೇನೆ. ನಿರೂಪಕ ಮಾರ್ಲೋ ಆಫ್ರಿಕಾದ ನದೀತೀರದಲ್ಲಿದ್ದಾನೆ. ನೆರಳು ಅರಸಿ ಮರಗಳ ಕೆಳಗೆ ಹೋದರೆ, ದುಡಿದು ಬಸವಳಿದ ಕೂಲಿಗಳು ಸಾವು ಕಾಯುತ್ತ ಬಿದ್ದಿದ್ದಾರೆ. ಅವರಲ್ಲೊಬ್ಬ ಇನ್ನೂ ಹುಡುಗ. ಮಾರ್ಲೋ ಜೇಬಿನಲ್ಲಿದ್ದ ಬಿಸ್ಕತ್ತು ಕೊಡುತ್ತಾನೆ. ಹುಡುಗನ ಬೆರಳುಗಳು ನಿಧಾನವಾಗಿ ಅದರ ಮೇಲೆ ಮುಚ್ಚಿಕೊಳ್ಳುತ್ತವೆ, ಅಷ್ಟೆ. ಅವನ ಕೊರಳಲ್ಲಿ ಒಂದು ಬಿಳಿ ದಾರ. ಅದು ಗುರುತೋ, ಒಡವೆಯೋ, ತಾಯಿತವೋ, ಹರಕೆಯೋ ಎಂದು ಮಾರ್ಲೋ ತನ್ನೊಳಗೇ ಕೇಳಿಕೊಳ್ಳುತ್ತಾನೆ. ಹುಡುಗನನ್ನು ಕೇಳುವುದಿಲ್ಲ.

ಭಾಷೆ ಬಾರದವನು ಹೇಗೆ ಕೇಳಿಯಾನು ಎಂದು ವಿದ್ಯಾರ್ಥಿಗಳು ವಾದಿಸುತ್ತಾರೆ. ನ್ಯಾಯವಾದ ವಾದವೇ. ಆದರೆ ಭಾಷೆ ಬಾರದಿದ್ದುದು ಮಾರ್ಲೋಗೆ. ಕಾದಂಬರಿಕಾರನಿಗೆ ಆ ಕಟ್ಟುಪಾಡಿಲ್ಲ. ಯಾರ ಬಾಯಿಗೆ ಮಾತು ಕೊಡಬೇಕು ಎಂಬುದು ಅವನದೇ ಆಯ್ಕೆ.

ಕಾನ್ರಾಡ್ ಕಟುಕನಲ್ಲ. 1890ರಲ್ಲಿ ಕಾಂಗೋ ನದಿಯ ಉಗಿದೋಣಿಯಲ್ಲಿ ಸ್ವತಃ ಕೆಲಸ ಮಾಡಿ ಬಂದವನು. 1885ರಿಂದ 1908ರವರೆಗೆ ಆ ನಾಡು ಬೆಲ್ಜಿಯಂ ದೊರೆ ಎರಡನೇ ಲಿಯೋಪೋಲ್ಡನ ಖಾಸಗಿ ಆಸ್ತಿಯಂತಿತ್ತು. ದಂತಕ್ಕಾಗಿ, ರಬ್ಬರಿಗಾಗಿ ಊರೂರುಗಳನ್ನೇ ಹಿಂಡಲಾಯಿತು, ಜನರ ಕೈಗಳನ್ನು ಕತ್ತರಿಸಲಾಯಿತು. 1899ರಲ್ಲಿ ಪತ್ರಿಕೆಯಲ್ಲಿ ಬಂದ ಈ ಕೃತಿ ಆ ಲೂಟಿಯನ್ನು ಅಸಹ್ಯದಿಂದಲೇ ಕಂಡಿತು. ಆದರೂ ಇದರಲ್ಲಿ ದುರಂತ ನಡೆಯುವುದು ಬಿಳಿಯನೊಬ್ಬನ ಆತ್ಮದಲ್ಲಿ; ಸಾಯುವ ಆಫ್ರಿಕನ್ನರು ಆ ದುರಂತದ ಹಿನ್ನೆಲೆ ಮಾತ್ರ. ಆಫ್ರಿಕನ್ನರಲ್ಲಿ ಯಾರಿಗೂ ಹೆಸರಿಲ್ಲ. ಬಿಳಿಯರಲ್ಲೂ ಎಷ್ಟೋ ಜನ ಬರೀ ‘ಮ್ಯಾನೇಜರ್’, ‘ಅಕೌಂಟೆಂಟ್’ ಎಂಬುದು ನಿಜ. ಆದರೆ ಅವರಿಗೆ ಬಾಯಿತುಂಬ ಮಾತಿದೆ.

ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚಿಬೆ 1975ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸದಲ್ಲಿ ಕಾನ್ರಾಡನನ್ನು ನೇರವಾಗಿ ಜನಾಂಗದ್ವೇಷಿ ಎಂದರು. ಆ ಮಾತನ್ನು ಪೂರ್ತಿ ಒಪ್ಪಲು ನನಗೆ ಇಂದಿಗೂ ಕಷ್ಟವಾಗುತ್ತದೆ. ಆದರೆ ಅಚಿಬೆಯವರ ನಿಜವಾದ ಉತ್ತರ ಆ ಉಪನ್ಯಾಸಕ್ಕಿಂತ 17 ವರ್ಷ ಮೊದಲೇ, 1958ರಲ್ಲಿ, ಅದೇ ಇಂಗ್ಲಿಷಿನಲ್ಲಿ ಬಂದಿತ್ತು: ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ.

ಅದರಲ್ಲಿ ಎಕ್ವೆಫಿ ಎಂಬ ತಾಯಿ ಇದ್ದಾಳೆ. ಹೆತ್ತ ಹತ್ತು ಮಕ್ಕಳಲ್ಲಿ ಒಂಬತ್ತು ಮಣ್ಣುಪಾಲು. ಸತ್ತು ಮತ್ತೆ ಅದೇ ತಾಯ ಗರ್ಭಕ್ಕೆ ಮರಳುವ ಇಂಥ ಮಗುವನ್ನು ಅಲ್ಲಿನ ಇಗ್ಬೊ ಜನ ‘ಒಗ್ಬಾಂಜೆ’ ಎನ್ನುತ್ತಾರೆ. ಅಚಿಬೆ ಇಲ್ಲಿ ಗೋಳಾಟ ಬರೆಯುವುದಿಲ್ಲ. ಆಕೆ ಮಕ್ಕಳಿಗಿಟ್ಟ ಹೆಸರುಗಳನ್ನು ಮಾತ್ರ ಹೇಳುತ್ತಾರೆ. ಒಂದು ಮಗು ‘ಓನ್ವುಂಬಿಕೊ’, ಸಾವೇ ನಿನ್ನ ಕಾಲು ಹಿಡಿಯುತ್ತೇನೆ ಎಂಬಂತೆ. ಇನ್ನೊಂದು ‘ಒಜೊಎಮೆನಾ’, ಮತ್ತೊಮ್ಮೆ ಹೀಗಾಗದಿರಲಿ. ಅದೂ, ಅದರ ನಂತರದ ಇನ್ನೆರಡೂ ಉಳಿಯದೆ ಹೋದ ಮೇಲೆ ಮುಂದಿನದು ‘ಓನ್ವುಮಾ’, ಸಾವಿಗೆ ಹೇಗೆ ಇಷ್ಟವೋ ಹಾಗೆ. ಬೇಡಿಕೊಂಡವಳು ಸೋತು ಸವಾಲೆಸೆಯುವವರೆಗಿನ ದಾರಿಯೆಲ್ಲ ಮೂರು ಹೆಸರುಗಳಲ್ಲಿದೆ. ಮಾರ್ಲೋ ಕಂಡ ದಾರದಂತೆ ಇದೂ ಹೊರಗಿನವರಿಗೆ ಒಗಟೇ. ಆದರೆ ಇಲ್ಲಿ ಅದನ್ನು ಕಟ್ಟಿದ ಕೈ ಯಾವುದೆಂದು ಗೊತ್ತು.

ಕಾದಂಬರಿಯ ಕೊನೆಯಲ್ಲಿ ನಾಯಕ ಒಕೊಂಕ್ವೊ ನೇಣು ಹಾಕಿಕೊಂಡಾಗ, ಬ್ರಿಟಿಷ್ ಜಿಲ್ಲಾಧಿಕಾರಿ ತಾನು ಬರೆಯಲಿರುವ ಪುಸ್ತಕದಲ್ಲಿ ಇವನಿಗೆ ಒಂದು ಪ್ಯಾರಾ ಕೊಡಬಹುದೆಂದು ಲೆಕ್ಕ ಹಾಕುತ್ತಾನೆ. ನಾವು ಅಷ್ಟು ಹೊತ್ತು ಓದಿದ್ದು ಆ ಪ್ಯಾರಾದಲ್ಲಿ ಹಿಡಿಸದೇ ಹೋದ ಬದುಕನ್ನು.

ಎಕ್ವೆಫಿಯ ಪುಟಗಳನ್ನು ಓದಿದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ತನ್ನ ಅಜ್ಜನ ಹೆಸರು ತಿಪ್ಪಯ್ಯ ಎಂದ. ಅಜ್ಜನಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿದಿರಲಿಲ್ಲವಂತೆ. ಸಾವು ಅಸಹ್ಯಪಟ್ಟು ಬಿಟ್ಟುಹೋಗಲಿ ಎಂದು ಅವನನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡರಂತೆ. “ಅಜ್ಜಿಯನ್ನು ಯಾರೂ ಕೇಳಿರಲಿಲ್ಲ ಸರ್, ನಾನು ಕೇಳಿದೆ” ಎಂದ.