ಮನೆಯಲ್ಲೇ ವಿಡಿಯೋ ಇರುವಾಗ ಫಿಟ್‌ನೆಸ್ ಕ್ಲಾಸ್ ಯಾಕೆ?

ಪ್ರಶ್ನೆ: ಮನೆಯಲ್ಲೇ ವಿಡಿಯೋ ಹಾಕಿಕೊಂಡು ವ್ಯಾಯಾಮ ಮಾಡಬಹುದು. ಹಾಗಿರುವಾಗ ಹತ್ತಾರು ಜನರಿರುವ ಕ್ಲಾಸಿಗೆ ಸೇರಿದರೆ ನಿಜವಾಗಿ ಜಾಸ್ತಿ ಏನಾದರೂ ಸಿಗುತ್ತದಾ? ಅಥವಾ ಸುಮ್ನೆ ದುಡ್ಡು ದಂಡವಾ?

ಉತ್ತರ: ಪಕ್ಕದಲ್ಲಿ ಯಾರಿದ್ದಾರೆ ಅಂತ ನಿಮ್ಮ ತೊಡೆಗೆ ಗೊತ್ತಾಗುವುದಿಲ್ಲ. ಇಪ್ಪತ್ತು ಸ್ಕ್ವಾಟ್ (ಬಸ್ಕಿ) ಮನೆಯಲ್ಲಿ ಹೊಡೆದರೂ ಇಪ್ಪತ್ತೇ, ಕ್ಲಾಸಿನಲ್ಲಿ ಹೊಡೆದರೂ ಇಪ್ಪತ್ತೇ. ಆದರೆ ಮನೆಯಲ್ಲಿ ನೀವು ಇಪ್ಪತ್ತು ಹೊಡೀತೀರಾ?

ನಾನಂತೂ ಹೊಡೆಯುತ್ತಿರಲಿಲ್ಲ. ಹನ್ನೆರಡಕ್ಕೆ ಬರುವಷ್ಟರಲ್ಲಿ ಫೋನ್ ಮಿನುಗುತ್ತಿತ್ತು. ಯಾರು ಅಂತ ನೋಡಿ ಬರೋಣ ಎಂದು ಹೋದರೆ ಅವತ್ತಿನ ವ್ಯಾಯಾಮ ಅಲ್ಲಿಗೇ ಮುಗೀತು. ಕ್ಲಾಸಿನಲ್ಲಿ ಹಾಗಾಗುವುದಿಲ್ಲ. ಟ್ರೈನರ್ ‘ಕೊನೇ ಎಂಟು’ ಎಂದು ಕೂಗುವ ಹೊತ್ತಿಗೆ ನನ್ನ ಕಾಲು ನಡುಗುತ್ತಿರುತ್ತದೆ. ಮುಂದಿನ ಸಾಲಿನವರ ಕಾಲೂ ನಡುಗುತ್ತಿರುತ್ತದೆ. ಆದರೂ ಯಾರೂ ನಿಲ್ಲಿಸುವುದಿಲ್ಲ, ಹಾಗಾಗಿ ನಾನೂ ನಿಲ್ಲಿಸುವುದಿಲ್ಲ. (ಐದರವರೆಗೆ ಎಣಿಸಿ ಮತ್ತೆ ಮೂರರಿಂದ ಶುರು ಮಾಡುವುದು ಎಲ್ಲ ಟ್ರೈನರ್‌ಗಳ ಹಳೇ ಚಾಳಿ. ಅದು ಬೇರೆ ಮಾತು.)

ಈ ಜೊತೆಗಾರರ ಪರಿಣಾಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ನಾರ್ಮನ್ ಟ್ರಿಪ್ಲೆಟ್ 1898ರಲ್ಲೇ ಗಮನಿಸಿದ್ದರು. ಒಂಟಿಯಾಗಿ ಸೈಕಲ್ ಓಡಿಸುವವರಿಗಿಂತ ಜೊತೆಯಲ್ಲಿ ಓಡಿಸುವವರು ವೇಗವಾಗಿ ಹೋಗುತ್ತಿದ್ದರು. ಮುಂದಿರುವವರು ಗಾಳಿ ತಡೆಯುವುದೂ ಅದಕ್ಕೊಂದು ಕಾರಣ ಅನ್ನಿ. ಅದಕ್ಕೇ ಟ್ರಿಪ್ಲೆಟ್ ಮಕ್ಕಳ ಕೈಗೆ ಮೀನುಗಾಳದ ರೀಲು ಕೊಟ್ಟು ಸುತ್ತಿಸಿ ನೋಡಿದರು. ಪಕ್ಕದಲ್ಲಿ ಇನ್ನೊಬ್ಬರು ಸುತ್ತುತ್ತಿದ್ದಾಗ ಹಲವು ಮಕ್ಕಳ ಕೈ ಚುರುಕಾಯಿತು. ಕೆಲವು ಮಕ್ಕಳು ಮಾತ್ರ ಗಾಬರಿಬಿದ್ದು ಇನ್ನೂ ನಿಧಾನವಾದರು. ನಿಮ್ಮದೂ ಆ ಎರಡನೇ ಜಾತಿಯಾದರೆ ಕನ್ನಡಿಯಿಂದ ದೂರ, ಹಿಂದಿನ ಸಾಲಿನಲ್ಲಿ ಜಾಗ ಹಿಡಿಯಿರಿ.

ನನಗೆ ಇದಕ್ಕಿಂತ ಮಜಾ ಅನಿಸಿದ್ದು ಆಕ್ಸ್‌ಫರ್ಡ್‌ನ ಒಂದು ಪ್ರಯೋಗ. 2009ರಲ್ಲಿ ಪ್ರಕಟವಾಯಿತು. ದೋಣಿ ತಂಡದ ಹುಡುಗರು ರೋಯಿಂಗ್ ಯಂತ್ರದ ಮೇಲೆ 45 ನಿಮಿಷ ಹುಟ್ಟು ಹಾಕಿದರು. ಒಮ್ಮೆ ಒಬ್ಬೊಬ್ಬರೇ, ಇನ್ನೊಮ್ಮೆ ತಂಡವಾಗಿ ಒಂದೇ ತಾಳಕ್ಕೆ. ಆಮೇಲೆ ಬಿಪಿ ನೋಡುವ ಪಟ್ಟಿಯನ್ನು ತೋಳಿಗೆ ಕಟ್ಟಿ ಬಿಗಿ ಮಾಡುತ್ತಾ, ಯಾವಾಗ ನೋವು ಅನಿಸುತ್ತದೆ ಎಂದು ಕೇಳಿದರು. ಒಟ್ಟಿಗೆ ಹುಟ್ಟು ಹಾಕಿದ ದಿನ ಅದೇ ಹುಡುಗರು ಜಾಸ್ತಿ ಬಿಗಿತ ತಡೆದುಕೊಂಡರು. ತಾಳ ಕೂಡಿದಾಗ ಮೈಯಲ್ಲಿ ಎಂಡಾರ್ಫಿನ್ (ನೋವು ತಗ್ಗಿಸಲು ಮೈಯೇ ತಯಾರಿಸುವ ರಾಸಾಯನಿಕ) ಜಾಸ್ತಿ ಹರಿಯುತ್ತದೆ ಎಂಬುದು ಸಂಶೋಧಕರ ಊಹೆ. ಪ್ರಯೋಗ ಚಿಕ್ಕದು, ಇದ್ದವರು ಬರೀ 12 ಜನ. ಆದರೆ ಹಾಡಿನ ಬೀಟಿಗೆ ಇಡೀ ಕ್ಲಾಸಿನ ಹಿಮ್ಮಡಿ ಒಂದೇ ಸಲ ನೆಲಕ್ಕೆ ಬಿದ್ದ ಸದ್ದು ಕೇಳಿದವರಿಗೆ ಇದು ಅಷ್ಟೇನೂ ಆಶ್ಚರ್ಯ ಅನಿಸಲಿಕ್ಕಿಲ್ಲ.

ಇನ್ನೊಂದು ಲಾಭ, ನಿಮ್ಮನ್ನು ನೋಡುವ ಕಣ್ಣು. ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸುವುದು) ಮಾಡುವಾಗ ನನ್ನ ಎಡ ಮೊಣಕಾಲು ಒಳಕ್ಕೆ ವಾಲುತ್ತಿತ್ತು. ತಿಂಗಳುಗಟ್ಟಲೆ ವಿಡಿಯೋ ನೋಡಿ ಮಾಡಿದರೂ ನನಗೆ ಅದು ಗೊತ್ತೇ ಆಗಿರಲಿಲ್ಲ. ಟ್ರೈನರ್ ಬಂದು ಮೊಣಕಾಲಿನ ಹೊರಬದಿಗೆ ಎರಡು ಬೆರಳು ಇಟ್ಟು ‘ಇದನ್ನು ತಳ್ಳಿ’ ಅಂದರು. ಅಷ್ಟೇ. ಮೆಟ್ಟಿಲು ಹತ್ತುವಾಗ ಆಗುತ್ತಿದ್ದ ಚುಚ್ಚು ಕೆಲವು ವಾರಗಳಲ್ಲಿ ಕಡಿಮೆಯಾಯಿತು. ಆದರೆ ನಲವತ್ತು ಜನರ ಮುಂದೆ ವೇದಿಕೆಯ ಮೇಲೆ ಮೈಕ್ ಹಿಡಿದು ತಾವೇ ಕುಣಿಯುವ ಟ್ರೈನರ್ ಸಿಕ್ಕರೆ ಈ ಲಾಭ ಸಿಗುವುದಿಲ್ಲ. ಅದೂ ಒಂದು ವಿಡಿಯೋನೇ, ಸದ್ದು ಜಾಸ್ತಿ ಅಷ್ಟೆ.

ಲೆಕ್ಕ ಬೇಕೆಂದರೆ ಅದೂ ಸುಲಭ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 50 ನಿಮಿಷದ ಮೂರು ಕ್ಲಾಸಿಗೆ ಹೋದರೆ ಮೊದಲನೆಯದು ಮುಗಿಯಿತು. ಬರೀ ಡ್ಯಾನ್ಸ್ ಕ್ಲಾಸಾದರೆ ಎರಡನೆಯದು ಬಾಕಿ ಉಳಿಯುತ್ತದೆ, ನೆನಪಿರಲಿ.

ಈಗ ಎಚ್ಚರಿಕೆಯ ಮಾತು. ಕೊನೇ ಎಂಟನ್ನು ಮುಗಿಸುವಂತೆ ಮಾಡುವ ಗುಂಪೇ, ಮೈ ಬೇಡ ಅಂದಾಗಲೂ ನಿಲ್ಲದಂತೆ ಮಾಡುತ್ತದೆ. ಅಭ್ಯಾಸವಿಲ್ಲದವರು ಮೊದಲ ದಿನವೇ ಸ್ಪಿನ್ ಕ್ಲಾಸಿನಲ್ಲಿ (ನಿಂತಲ್ಲೇ ಇರುವ ಸೈಕಲ್ ತುಳಿಯುವ ಕ್ಲಾಸು) ಪೂರ್ತಿ ದಮ್ಮು ಕಟ್ಟಿ ತುಳಿದು ಆಸ್ಪತ್ರೆ ಸೇರಿದ್ದು ವೈದ್ಯಕೀಯ ವರದಿಗಳಲ್ಲಿದೆ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿದರೆ ಕಿಡ್ನಿಗೆ ಕಷ್ಟವಾಗುತ್ತದೆ. ಮಾರನೇ ದಿನ, ಅದರ ಮಾರನೇ ದಿನ ಮೈಕೈ ನೋವು ಸಹಜ. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಮೊದಲ ಎರಡು ವಾರ ಅರ್ಧಕ್ಕೇ ನಿಲ್ಲಿಸಿ, ಯಾರು ನೋಡಿದರೂ ಸರಿ. ಮಂಡಿ, ಬೆನ್ನು, ಹೃದಯದ ತೊಂದರೆ ಇದ್ದರೆ ಶುರುವಿಗೂ ಮುಂಚೆಯೇ ಟ್ರೈನರ್‌ಗೆ ಹೇಳಿ. ಹೊಸಬರನ್ನು ಇದನ್ನು ಕೇಳದೇ ಕ್ಲಾಸ್ ಶುರು ಮಾಡುವ ಕಡೆಗೆ ನಾನಾದರೆ ಎರಡನೇ ದಿನ ಹೋಗುವುದಿಲ್ಲ.

ನಿಮಗೆ ಕ್ಲಾಸ್ ಬೇಕಾ ಬೇಡವಾ ಅಂತ ತಿಳಿಯಲು, ಮನೆಯಲ್ಲಿ ನೋಡುತ್ತಿದ್ದ ಆ ವಿಡಿಯೋಗಳನ್ನು ಈಗ ತೆರೆಯಿರಿ. ಎಷ್ಟು ನೋಡಿದ್ದೀರಿ ಎಂದು ತೋರಿಸುವ ಗೆರೆ ಕೊನೆ ಮುಟ್ಟಿದ್ದರೆ ದುಡ್ಡು ಉಳಿಸಿಕೊಳ್ಳಿ. ಹತ್ತನೇ ನಿಮಿಷಕ್ಕೇ ನಿಂತಿದ್ದರೆ ಒಂದು ತಿಂಗಳಿಗೆ ಮಾತ್ರ ಸೇರಿ ನೋಡಿ, ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ.